ಉದ್ಘಾಟನೆಗೆ ಹಣವಿದೆ, ಪ್ರಾಣಿಯ ಮುಪ್ಪಿಗೆ?

ಹೋದ ತಿಂಗಳು ಒಂದು ಮೃಗಾಲಯಕ್ಕೆ ಹೋಗಿದ್ದೆ. ಹೆಸರು ಬೇಡ. ಪ್ರವಾಸೋದ್ಯಮದ ಅನುದಾನದಲ್ಲಿ ಕಟ್ಟಿದ ಗಾಜಿನ ಸುರಂಗ ಆಗಷ್ಟೇ ಲೋಕಾರ್ಪಣೆಯಾಗಿತ್ತು. ಹುಲಿ ತಲೆಯ ಮೇಲೆಯೇ ನಡೆದು ಹೋಗುತ್ತದೆ. ಕೆಳಗೆ ನಿಂತ ಮಕ್ಕಳು ಅದರ ಅಂಗಾಲು ನೋಡಿ ಕಿರುಚುತ್ತಾರೆ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಹೊರಗೆ ಬಂದು ಜನ ಕಡಿಮೆ ಇದ್ದ ದಾರಿ ಹಿಡಿದಾಗ ಹಳೆಯ ಕರಡಿಯ ಆವರಣ ಸಿಕ್ಕಿತು.

ಸಿಮೆಂಟಿನ ನೆಲ, ಒಂದು ನೀರಿನ ತೊಟ್ಟಿ. ಕರಡಿ ಏಳು ಹೆಜ್ಜೆ ನಡೆಯುತ್ತಿತ್ತು, ಗೋಡೆಯ ಹತ್ತಿರ ಕತ್ತು ಹೊರಳಿಸಿ ಮತ್ತೆ ಏಳು ಹೆಜ್ಜೆ. ಇಪ್ಪತ್ತು ನಿಮಿಷ ನಿಂತು ಎಣಿಸಿದೆ. ಆರೂ ಆಗಲಿಲ್ಲ, ಎಂಟೂ ಆಗಲಿಲ್ಲ. ಅದು ತಿರುಗುವ ಮೂಲೆಯಲ್ಲಿ ಭುಜ ಉಜ್ಜಿ ಉಜ್ಜಿ ಗೋಡೆಯ ಮೇಲೆ ಜಿಡ್ಡುಗಟ್ಟಿದ ಕಪ್ಪು ಕಲೆಯೊಂದು ಮೂಡಿತ್ತು. ಎಷ್ಟು ವರ್ಷ ಉಜ್ಜಿದರೆ ಅಂಥ ಕಲೆ ಬೀಳುತ್ತದೋ! ನೀರು ಬಿಡಲು ಬಂದ ಪಾಲಕರು ನಾನು ನಿಂತದ್ದನ್ನು ಗಮನಿಸಿ ತಾವಾಗಿಯೇ ಹೇಳಿದರು: "ಒಂದೆರಡು ಮರದ ದಿಮ್ಮಿ, ಒಂದು ಲೋಡು ಮಣ್ಣು ಹಾಕಿಸಿಕೊಡಿ ಎಂದು ಕೇಳುತ್ತಲೇ ಇದ್ದೇನೆ ಸರ್. ಬಂದಿರುವ ಹಣ ಹೊಸ ಕಾಮಗಾರಿಗಂತೆ, ಇದಕ್ಕೆ ಬಳಸುವ ಹಾಗಿಲ್ಲವಂತೆ."

ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೃಗಾಲಯಗಳನ್ನೆಲ್ಲ ಮುಚ್ಚಿಬಿಡಿ ಎನ್ನುವವರ ಗುಂಪಿನಲ್ಲಿ ನಾನಿಲ್ಲ. ಅರೇಬಿಯಾದ ಓರಿಕ್ಸ್ ಎಂಬ ಉದ್ದ ಕೊಂಬಿನ, ಜಿಂಕೆಯಂಥ ಪ್ರಾಣಿ ಇಂದು ಮರುಭೂಮಿಯಲ್ಲಿ ಓಡಾಡುತ್ತಿದ್ದರೆ ಅದಕ್ಕೆ ಕಾರಣ ಮೃಗಾಲಯಗಳು. ಬೇಟೆಗೆ ಸಿಕ್ಕು ಅವು ಅಳಿಯುವುದು ಖಚಿತ ಎನಿಸಿದಾಗ, 1962ರಲ್ಲಿ ಕೆಲವನ್ನು ಹಿಡಿದು ಅಮೆರಿಕದ ಫೀನಿಕ್ಸ್ ಮೃಗಾಲಯಕ್ಕೆ ಸಾಗಿಸಿ ಹಿಂಡು ಕಟ್ಟಿದರು. ಹತ್ತು ವರ್ಷದಲ್ಲಿ ಕಾಡಿನ ಕೊನೆಯ ಓರಿಕ್ಸ್‌ಗಳೂ ಗುಂಡಿಗೆ ಬಲಿಯಾದವು. 1982ರಲ್ಲಿ ಒಮಾನ್‌ನಲ್ಲಿ ಮತ್ತೆ ಬಿಡಲು ಪ್ರಾಣಿಗಳು ಉಳಿದಿದ್ದವು ಎಂದರೆ ಆ ಇಪ್ಪತ್ತು ವರ್ಷ ಯಾರೋ ದಿನಾ ಮೇವು ಹಾಕಿದ್ದರು, ಸಗಣಿ ಬಾಚಿದ್ದರು, ಯಾವುದಕ್ಕೆ ಯಾವುದನ್ನು ಕೂಡಿಸಬೇಕೆಂದು ವಂಶಾವಳಿ ಬರೆದಿಟ್ಟಿದ್ದರು. ಇಂಥ ಕೆಲಸಕ್ಕೆ ಉದ್ಘಾಟನೆಯ ದಿನ ಎಂಬುದು ಇರುವುದಿಲ್ಲ, ಕತ್ತರಿಸಲು ರಿಬ್ಬನ್ನೂ ಇರುವುದಿಲ್ಲ.

ನನ್ನ ತಕರಾರು ಇರುವುದು ಹಣ ಬರುವ ರೀತಿಯ ಮೇಲೆ. ಪ್ರವಾಸೋದ್ಯಮದ ಅನುದಾನ ಯಾವ ದೇಶದಲ್ಲೇ ಆಗಲಿ ಸಾಮಾನ್ಯವಾಗಿ ಕೇಳುವುದು ಕೆಲವೇ ಪ್ರಶ್ನೆಗಳನ್ನು: ಎಷ್ಟು ಜನ ಹೆಚ್ಚಿಗೆ ಬರುತ್ತಾರೆ, ಎಷ್ಟು ಉದ್ಯೋಗ ಸೃಷ್ಟಿಯಾಗುತ್ತದೆ, ಕಾಮಗಾರಿ ಯಾವಾಗ ಮುಗಿಯುತ್ತದೆ. ಉತ್ತರ ಹೊಂದಿಸಬೇಕಾದವರು ಏನು ಮಾಡುತ್ತಾರೆ? ಕಣ್ಣಿಗೆ ಕಾಣುವುದನ್ನು ಕಟ್ಟುತ್ತಾರೆ. ಗಾಜಿನ ಸುರಂಗ, ಮರದೆತ್ತರದ ಸೇತುವೆ, ಸಿಂಹದ ಪಕ್ಕದಲ್ಲೇ ಮಲಗುವ ಕೋಣೆ. ಅವರನ್ನು ದೂರುವುದು ಸುಲಭ, ಆದರೆ ಕಚೇರಿಯಲ್ಲಿ ಕುಳಿತವರಿಗೆ ಸಿಗುವ ಹಣವೇ ಅದೊಂದು. ಪಶುವೈದ್ಯರ ಸಂಬಳಕ್ಕೆಂದೋ ಕ್ವಾರಂಟೈನ್ ಕೋಣೆಗೆಂದೋ ಪ್ರಸ್ತಾವನೆ ಕಳುಹಿಸಿದರೆ ಇದರಿಂದ ಪ್ರವಾಸಿಗರು ಹೇಗೆ ಹೆಚ್ಚುತ್ತಾರೆ ಎಂದು ಷರಾ ಬರೆದು ವಾಪಸ್ ಕಳುಹಿಸುತ್ತಾರೆ.

ಕಟ್ಟಡ ಮುಗಿಯಲು ಎರಡು ಮೂರು ವರ್ಷ ಸಾಕು. ಒಳಗೆ ಬರುವ ಜೀವದ ಲೆಕ್ಕವೇ ಬೇರೆ. ಚಿಂಪಾಂಜಿ ಐವತ್ತು ವರ್ಷ ದಾಟುತ್ತದೆ, ಆನೆ ಅರವತ್ತರವರೆಗೂ ಬದುಕಬಲ್ಲದು, ದೈತ್ಯ ಆಮೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ದೊಡ್ಡ ಆನೆಯೊಂದು ದಿನಕ್ಕೆ ನೂರೈವತ್ತು ಕಿಲೋ ಮೇವು ತಿನ್ನುತ್ತದೆ. ಫಲಕದ ಮೇಲಿನ ಹೆಸರುಗಳು ಮಾಸಿದ ಮೇಲೂ ಅದಕ್ಕೆ ಹಸಿವಾಗುತ್ತದೆ.

ಫಿನ್ಲೆಂಡ್‌ನ ಏಹ್ತಾರಿ ಎಂಬ ಸಣ್ಣ ಊರಿನಲ್ಲಿ ನಡೆದದ್ದನ್ನು ನೋಡಿ. 2018ರಲ್ಲಿ ಚೀನಾದಿಂದ ಎರಡು ಪಾಂಡಾಗಳು ಹದಿನೈದು ವರ್ಷದ ಎರವಲಿನ ಮೇಲೆ ಅಲ್ಲಿಗೆ ಬಂದವು. ಅವುಗಳ ಮನೆಗೆಂದು ಮೃಗಾಲಯ 80 ಲಕ್ಷ ಯೂರೋಗೂ ಹೆಚ್ಚು ಸುರಿಯಿತು. ಜನ ಬಂದೇ ಬರುತ್ತಾರೆ ಎಂಬುದು ಲೆಕ್ಕಾಚಾರ. ಬಾಡಿಗೆ, ಪೋಷಣೆ ಸೇರಿ ವರ್ಷಕ್ಕೆ 15 ಲಕ್ಷ ಯೂರೋ ಖರ್ಚು. ನಡುವೆ ಕೋವಿಡ್ ಬಂತು, ಬೆಲೆ ಏರಿತು, ಸಾಲ ಬೆಳೆಯಿತು, ಸರ್ಕಾರ ನೆರವು ಕೊಡಲಿಲ್ಲ. 2024ರ ನವೆಂಬರ್‌ನಲ್ಲಿ ಅವಧಿಗೆ ಎಂಟು ವರ್ಷ ಮೊದಲೇ ಎರಡೂ ವಿಮಾನ ಹತ್ತಿ ಹಿಂದಿರುಗಿದವು. ಪಾಂಡಾಗಳಿಗೆ ವಾಪಸ್ ಹೋಗಲು ಒಂದು ಜಾಗವಾದರೂ ಇತ್ತು. ಹೆಚ್ಚಿನ ಪ್ರಾಣಿಗಳಿಗೆ ಅದೂ ಇರುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್‌ನಿಂದ ಟಿಕೆಟ್ ಹಣ ನಿಂತಾಗ ಜರ್ಮನಿಯ ನೋಯ್‌ಮ್ಯುನ್‌ಸ್ಟರ್ ಮೃಗಾಲಯದವರು, ತೀರಾ ಗತಿಯಿಲ್ಲದಾದರೆ ಯಾವ ಪ್ರಾಣಿಗಳನ್ನು ಮೊದಲು ಕೊಲ್ಲಬೇಕಾಗುತ್ತದೆ ಎಂದು ಪಟ್ಟಿ ಮಾಡಿಟ್ಟಿದ್ದಾಗಿ ಹೇಳಿದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಇನ್ನೊಂದು ಸಂಗತಿ. ಪ್ರವಾಸಿಗರನ್ನು ಸೆಳೆಯುವ ಪ್ರಾಣಿ ಬಹಳ ಸಲ ಬಂಧನಕ್ಕೆ ಒಗ್ಗದ ಪ್ರಾಣಿಯೇ ಆಗಿರುತ್ತದೆ. ಕಾಡಿನಲ್ಲಿ ದೂರ ದೂರ ಅಲೆಯುವ ಮಾಂಸಾಹಾರಿಗಳೇ ಆವರಣಗಳಲ್ಲಿ ಅತಿ ಹೆಚ್ಚು ಶತಪಥ ಹಾಕುತ್ತವೆ, ಅವುಗಳ ಮರಿಗಳೇ ಹೆಚ್ಚು ಸಾಯುತ್ತವೆ ಎಂದು ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕಿಯರು 2003ರಲ್ಲೇ ತೋರಿಸಿಕೊಟ್ಟರು. ಹಿಮಕರಡಿಗೆ ಸಾಮಾನ್ಯವಾಗಿ ಸಿಗುವ ಆವರಣ ಅದು ಕಾಡಿನಲ್ಲಿ ಸುತ್ತುವ ಕನಿಷ್ಠ ನೆಲೆಯ ಹತ್ತು ಲಕ್ಷದಲ್ಲಿ ಒಂದು ಪಾಲಂತೆ. ಪ್ರಸ್ತಾವನೆಯ ಮುಖಪುಟಕ್ಕೆ ಮಾತ್ರ ಹಿಮಕರಡಿಯ ಚಿತ್ರವೇ ಬೇಕು.

ಅದೇ ಹೊತ್ತಿಗೆ, ಯಾರೂ ಟಿಕೆಟ್ ಕೊಂಡು ನೋಡದ ಜೀವಿಗಳಿವೆ. ಪಾರ್ಟುಲಾ ಎಂಬ ಪುಟ್ಟ ಬಸವನಹುಳು ಪೆಸಿಫಿಕ್ ಸಾಗರದ ತಾಹಿತಿ, ಮೂರಿಯಾ ದ್ವೀಪಗಳದು, ಬೆರಳಿನ ತುದಿಯಷ್ಟೇ ಗಾತ್ರ. ಇನ್ನೊಂದು ಪಿಡುಗನ್ನು ತಿನ್ನಲಿ ಎಂದು 1970ರ ದಶಕದಲ್ಲಿ ತಂದುಬಿಟ್ಟ ಬೇಟೆಗಾರ ಬಸವನಹುಳು ಇವನ್ನೇ ತಿಂದು ಹಾಕಿತು. ಬದುಕಿ ಉಳಿದ ಬೆರಳೆಣಿಕೆಯಷ್ಟನ್ನು ಲಂಡನ್, ಎಡಿನ್‌ಬರೋ ಮುಂತಾದ ಮೃಗಾಲಯಗಳವರು ಒಳಕೋಣೆಯ ಪೆಟ್ಟಿಗೆಗಳಲ್ಲಿ ದಶಕಗಟ್ಟಲೆ ಸಾಕಿದರು. 2015ರಿಂದ ಮತ್ತೆ ದ್ವೀಪಗಳಿಗೆ ಬಿಡುತ್ತಿದ್ದಾರೆ. ಬಿಡುವ ಮೊದಲು ಪ್ರತಿಯೊಂದರ ಚಿಪ್ಪಿನ ಮೇಲೂ ಕೆಂಪು ಬಣ್ಣದ ಒಂದು ಚುಕ್ಕೆ ಇಡುತ್ತಾರೆ. ಈಚೆಗೆ ಮೂರಿಯಾದಲ್ಲಿ ಚುಕ್ಕೆಯಿಲ್ಲದ ವಯಸ್ಕ ಹುಳು ಸಿಕ್ಕಿತು. ಕಾಡಿನಲ್ಲೇ ಹುಟ್ಟಿ ಕಾಡಿನಲ್ಲೇ ಬೆಳೆದದ್ದು! ಆ ಸುದ್ದಿ ಓದಿ ನಾನು ಎದ್ದು ನಿಂತುಬಿಟ್ಟೆ. ಇಂಥದ್ದಕ್ಕೆ ಪ್ರವಾಸೋದ್ಯಮದ ಹಣ ಕೇಳಿದರೆ ಸಿಗುತ್ತದೆಯೇ, ನೀವೇ ಹೇಳಿ.

ಪ್ರವಾಸಿಗರು ಬೇಡವೆಂದು ನಾನು ಹೇಳುತ್ತಿಲ್ಲ. ಗೇಟಿನ ಹಣದಿಂದಲೇ ಎಷ್ಟೋ ಪ್ರಾಣಿಗಳ ಹೊಟ್ಟೆ ತುಂಬುತ್ತದೆ, ಸುತ್ತಲಿನ ಊರಿನವರಿಗೆ ಕೆಲಸ ಸಿಗುತ್ತದೆ. ನಾನು ಕೇಳುವುದು ಅನುದಾನದ ಅರ್ಜಿಯಲ್ಲಿ ಒಂದಿಷ್ಟು ಕಾಲಂ ಹೆಚ್ಚಿಗೆ ಇರಲಿ ಎಂದು. ತರಲಿರುವ ಪ್ರಾಣಿಯ ಸರಾಸರಿ ಆಯುಸ್ಸು ಎಷ್ಟು? ಕಾಮಗಾರಿ ಮುಗಿದ ಹತ್ತನೆಯ ವರ್ಷ, ಇಪ್ಪತ್ತನೆಯ ವರ್ಷ ಮೇವಿನ, ಪಾಲಕರ ಸಂಬಳದ ಹಣ ಎಲ್ಲಿಂದ? ಈಗಾಗಲೇ ಇರುವ ಪ್ರಾಣಿಗಳ ಆವರಣಗಳು ಯಾವ ಸ್ಥಿತಿಯಲ್ಲಿವೆ? ಮಂಜೂರಾದ ಮೊತ್ತದ ಒಂದು ಪಾಲನ್ನು ಹಳೆಯ ಆವರಣಗಳಿಗೇ ಖರ್ಚು ಮಾಡಬೇಕು, ಇನ್ನೊಂದು ಪಾಲನ್ನು ಮುಟ್ಟದ ಹಾಗೆ ಠೇವಣಿ ಇಡಬೇಕು. ಇಷ್ಟಕ್ಕೆ ಒಪ್ಪದವರಿಗೆ ಹೊಸ ಪ್ರಾಣಿ ತರುವ ಅನುಮತಿಯೇ ಸಿಗಬಾರದು. ಇದು ಕಠಿಣವಾಯಿತು ಎನ್ನುವವರು ಒಮ್ಮೆ ಆ ಮೂಲೆಯ ಕಲೆ ನೋಡಿ ಬರಲಿ.

ಮೊನ್ನೆ ಸಂಬಂಧಪಟ್ಟವರಿಗೆ ಪತ್ರ ಬರೆದೆ. ದೊಡ್ಡದೇನನ್ನೂ ಕೇಳಿಲ್ಲ. ಎರಡು ದಿಮ್ಮಿ, ಒಂದು ಲೋಡು ಮಣ್ಣು. ಉತ್ತರ ಬಂದರೆ ಇಲ್ಲೇ ತಿಳಿಸುತ್ತೇನೆ.