ನಿಮ್ ಲಿಸ್ಟು ನಿಮ್ ಮನಸ್ಸಿಗೇ ಗೊತ್ತಿಲ್ಲ

ಮ್ಯಾಟ್ರಿಮೋನಿ ಪ್ರೊಫೈಲ್‌ಗಳನ್ನ ಓದಿದ್ರೆ ನಗು ಬರತ್ತೆ. ಎಲ್ರಿಗೂ ಹೈಟ್ ಬೇಕು, ಸೆನ್ಸ್ ಆಫ್ ಹ್ಯೂಮರ್ ಬೇಕು, ಟ್ರಾವೆಲ್ ಹುಚ್ಚಿರ್ಬೇಕು, ಜೊತೆಗೆ ಅಪ್ಪ-ಅಮ್ಮನ ಮಾತೂ ಕೇಳ್ಬೇಕು. ಆಮೇಲೆ ಅದೇ ಹುಡುಗಿ ಹೋಗಿ ಆಫೀಸ್ ಕ್ಯಾಬಲ್ಲಿ ದಿನಾ ಪಕ್ಕದಲ್ಲಿ ಕೂರೋ, ಸಿಲ್ಕ್ ಬೋರ್ಡ್ ದಾಟೋಷ್ಟರಲ್ಲಿ ಬಾಯ್ ತೆರ್ಕೊಂಡು ನಿದ್ದೆ ಹೊಡ್ಯೋ ಹುಡುಗನ್ನ ಒಪ್ಕೊಂಡ್ ಬರ್ತಾಳೆ. ಮನೇಲಿ ಎಲ್ರದೂ ಒಂದೇ ಪ್ರಶ್ನೆ, ಅವನಲ್ಲಿ ಏನ್ ಕಂಡ್ಲು?

ಏನೂ ಕಂಡಿಲ್ಲ ರೀ, ದಿನಾ ಕಂಡ್ಲು ಅಷ್ಟೇ.

ಇದು ಬರೀ ನನ್ ತರ್ಲೆ ಅಲ್ಲ. ಈಸ್ಟ್‌ವಿಕ್, ಫಿಂಕೆಲ್ ಅಂತ ಇಬ್ರು ಸೈಕಾಲಜಿಸ್ಟ್‌ಗಳು ಅಮೆರಿಕಾದಲ್ಲಿ ಕಾಲೇಜ್ ಹುಡುಗ-ಹುಡುಗೀರಿಗೆ ಸ್ಪೀಡ್ ಡೇಟಿಂಗ್ ಮಾಡ್ಸಿ 2008ರಲ್ಲಿ ಪೇಪರ್ ಬರೆದ್ರು. ಮೊದ್ಲೇ ನಿಮ್ಗೆ ಎಂಥೋರು ಬೇಕು ಅಂತ ಕೇಳಿ ಬರ್ಕೊಂಡಿದ್ರು, ಆಮೇಲೆ ನೋಡಿದ್ರೆ ನಿಜವಾಗ್ಲೂ ಇಷ್ಟ ಆದೋರಿಗೂ ಆ ಲಿಸ್ಟಿಗೂ ಹೇಳ್ಕೊಳ್ಳೋ ಅಂಥ ಸಂಬಂಧಾನೇ ಇಲ್ಲ.

ನಂಗೆ ಇದಕ್ಕಿಂತ ಮಜಾ ಅನ್ಸಿದ್ದು 1992ರ ಇನ್ನೊಂದು ಸ್ಟಡಿ, ಮೋರ್‌ಲ್ಯಾಂಡ್ ಮತ್ತೆ ಬೀಚ್ ಅನ್ನೋರದು. ನೋಡೋಕೆ ಸುಮಾರಾಗಿ ಒಂದೇ ಥರ ಇದ್ದ ನಾಲ್ಕು ಹೆಂಗಸರನ್ನ ಸ್ಟೂಡೆಂಟ್ಸ್ ಥರಾನೇ ಒಂದು ದೊಡ್ಡ ಕ್ಲಾಸಿಗೆ ಕಳ್ಸಿದ್ರು. ಒಬ್ಬಳು ಒಂದ್ಸಲಾನೂ ಹೋಗ್ಲಿಲ್ಲ, ಉಳಿದೋರು 5, 10, 15 ಸಲ ಹೋಗಿ ಯಾರ್ ಜೊತೇನೂ ಮಾತಾಡ್ದೆ ಸುಮ್ನೆ ಕೂತ್ಕೊಂಡ್ ಎದ್ಬಂದ್ರು. ಸೆಮಿಸ್ಟರ್ ಮುಗಿದ್ಮೇಲೆ ಕ್ಲಾಸಿನೋರಿಗೆ ನಾಲ್ವರ ಫೋಟೋ ತೋರ್ಸಿದ್ರೆ ಜಾಸ್ತಿ ಸಲ ಬಂದೋಳೇ ಜಾಸ್ತಿ ಚೆಂದ ಅಂದ್ರಂತೆ, ಅವಳನ್ನ ನೋಡಿದ ನೆನಪು ಸರಿಯಾಗಿ ಇಲ್ದೇ ಇದ್ರೂ! ಕಣ್ಣಿಗೆ ರೂಢಿ ಆದ್ಮೇಲೆ ಮನಸ್ಸು ಹಿಂದೆ ಬರತ್ತೆ. (ಆದ್ರೆ ಮೊದಲ್ನೇ ಸಲಾನೇ ಕಿರಿಕಿರಿ ಅನ್ಸಿದೋರು ನೋಡ್ತಾ ನೋಡ್ತಾ ಇನ್ನೂ ಜಾಸ್ತಿ ಕಿರಿಕಿರಿ ಆಗ್ತಾರೆ. ಹಿಂದಿಂದೆ ಸುತ್ತೋ ಮಹಾನುಭಾವರು ಇದನ್ನ ಓದಿ ಹುರುಪಾಗೋದ್ ಬೇಡ.)

ಬೊಸಾರ್ಡ್ ಅನ್ನೋ ಸಮಾಜಶಾಸ್ತ್ರಜ್ಞ 1932ರಷ್ಟು ಹಿಂದೇನೇ ಫಿಲಡೆಲ್ಫಿಯಾದ 5,000 ಮದ್ವೆ ಲೈಸೆನ್ಸ್ ತೆಗ್ದು ನೋಡಿದ್ರಂತೆ, ಮೂರರಲ್ಲಿ ಒಂದು ಜೋಡಿ ಮದ್ವೆಗೆ ಮುಂಚೇನೇ ಒಬ್ರಿಂದೊಬ್ರು ಐದು ಬ್ಲಾಕ್ (ಅಂದ್ರೆ ನಾಲ್ಕೈದು ಬೀದಿ) ಒಳಗೇ ಇದ್ದೋರು.

ಇಲ್ಲೇ ನಂಗೆ ತಕರಾರಿರೋದು. ಹತ್ರ ಇರೋರು ಇಷ್ಟ ಆಗ್ತಾರೆ, ಸರಿ, ಆದ್ರೆ ಯಾರು ಹತ್ರ ಇರ್ಬೇಕು ಅಂತ ತೀರ್ಮಾನ ಮಾಡೋರ್ಯಾರು? ಬೆಂಗಳೂರಲ್ಲಿ ಬಾಡಿಗೆ ಮನೆ ಹುಡ್ಕಿದೋರ್ಗೆ ಗೊತ್ತು, ಓನರ್ ಅಡ್ವಾನ್ಸ್ ಮಾತಾಡೋಕ್ ಮುಂಚೆ "ನೀವು ವೆಜ್ಜಾ, ಯಾವ್ ಪೈಕಿ?" ಅಂತಾರೆ. ಊರಲ್ಲಾದ್ರೆ ಕೇರಿ ಕೇರೀನೇ ಬೇರೆ. ಹಾಸ್ಟೆಲ್ಲುಗಳೂ ಎಷ್ಟೋ ಕಡೆ ಜಾತಿ ಸಂಘದ್ದೇ. ಹಿಂಗೆ ಜರಡಿ ಹಿಡ್ದು ಸೋಸಿ ಕೂರ್ಸಿದ ಜಾಗದಲ್ಲಿ ಲವ್ ಆಗಿ, ನಾನ್ ಜಾತಿ ಗೀತಿ ನೋಡೇ ಇಲ್ಲಪ್ಪ, ಹೆಂಗೋ ನಮ್ಮೋರೇ ಸಿಕ್ಬಿಟ್ರು ಅನ್ನೋರನ್ನ ಕಂಡ್ರೆ ನಂಗೆ ಮೈ ಉರಿಯತ್ತೆ. ನೀವ್ ನೋಡ್ಲಿಲ್ಲ ನಿಜ, ನಿಮ್ ಬಿಲ್ಡಿಂಗ್ ಓನರ್ ಮೊದ್ಲೇ ನೋಡಿ ಇಟ್ಟಿದ್ರು.