ಮೇಲಿನ ಕಾರು, ಕೆಳಗಿನ ಕಾರು

ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನ 60×80 ಅಡಿ ನಿವೇಶನಗಳ ಮೇಲೆ ಎದ್ದ ಅಪಾರ್ಟ್‌ಮೆಂಟುಗಳ ಜಾತಕದಲ್ಲಿ ಒಂದು ದೋಷ ಸಾಮಾನ್ಯವಾಗಿರುತ್ತದೆ. ಮನೆಗೊಂದು ಕಾರು ಬಂದರೆ ಅದೇ ಹೆಚ್ಚು ಎಂಬ ಅಂದಾಜಿನಲ್ಲಿ ಕಂಬಗಳನ್ನು ನಿಲ್ಲಿಸಿರುತ್ತಾರೆ. ಮಕ್ಕಳು ದೊಡ್ಡವರಾಗಿ, ಕೆಲಸಕ್ಕೆ ಸೇರಿ, ಬ್ಯಾಂಕಿನವರೇ ಕರೆದು ಸಾಲ ಕೊಡುವ ಕಾಲ ಬಂದಾಗ ಕಾರುಗಳು ಎರಡಾಗುತ್ತವೆ, ಕಂಬಗಳು ಇದ್ದಲ್ಲೇ ಇರುತ್ತವೆ. ನಮ್ಮ ಕಟ್ಟಡದಲ್ಲಿ ಹನ್ನೆರಡು ಮನೆ, ಹದಿನೇಳು ಕಾರು. ಹೆಚ್ಚಾದ ಐದು ಕಾರುಗಳು ಎದುರುಮನೆಯವರ ಗೇಟಿಗೆ ಅಡ್ಡ ನಿಂತು ದಿನವೂ ಬೈಗುಳ ತಿನ್ನುತ್ತಿದ್ದುದರಿಂದ, ಒಂದು ಕಾರಿನ ಮೇಲೆ ಇನ್ನೊಂದನ್ನು ಎತ್ತಿ ನಿಲ್ಲಿಸುವ ಪಾರ್ಕಿಂಗ್ ಲಿಫ್ಟ್ ಹಾಕಿಸುವ ವಿಷಯ ಸಂಘದ ಸಭೆಯ ಮುಂದೆ ಬಂದಿತು.

ಕಂಪನಿಯೊಂದರ ಪ್ರತಿನಿಧಿಯಾಗಿ ಬಂದ ಯುವಕನು ಲೇಸರ್ ಮೀಟರಿನಿಂದ ಛಾವಣಿಗೆ ಕೆಂಪು ಚುಕ್ಕೆ ಬಿಟ್ಟು, "ಹನ್ನೆರಡು ಅಡಿ ಇದೆ ಸರ್, ತೊಂದರೆಯೇ ಇಲ್ಲ" ಎಂದು ಘೋಷಿಸಿದನು. ಅವನ ಲೆಕ್ಕ ತಪ್ಪಾಗಿರಲಿಲ್ಲ. ಸುಮಾರು 1.8 ಮೀಟರ್ ಎತ್ತರದ ಇನ್ನೋವಾ ಕ್ರಿಸ್ಟಾದ ಮೇಲೆ ಒಂದೂವರೆ ಮೀಟರಿನ ಸ್ವಿಫ್ಟ್ ಕೂರಬೇಕಾದರೆ, ನಡುವಿನ ಕಬ್ಬಿಣದ ತಟ್ಟೆಯೂ ಸೇರಿ ಮೂರೂವರೆ ಮೀಟರ್, ಅಂದರೆ ಹನ್ನೊಂದೂವರೆ ಅಡಿ ಸಾಕು. ಆದರೆ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ನಮ್ಮ ಖಜಾಂಚಿ ರಾಯರು ಅವನನ್ನು ನಾಲ್ಕು ಹೆಜ್ಜೆ ಈಚೆಗೆ ಕರೆದು, ತೊಲೆಯ ಅಡಿಯಲ್ಲಿ ಉದ್ದಕ್ಕೂ ತೂಗುಬಿಟ್ಟಿದ್ದ ದಪ್ಪ ಪಿವಿಸಿ ಕೊಳವೆಯನ್ನು ಕೊಡೆಯ ತುದಿಯಿಂದ ತಟ್ಟಿ ತೋರಿಸಿದರು. "ಕಾರು ಛಾವಣಿಗೆ ತಗಲುವ ಮೊದಲು ಇದಕ್ಕೆ ತಗಲುತ್ತದೆ. ಇದರೊಳಗೆ ಹನ್ನೆರಡು ಮನೆಯದೂ ಏನು ಹರಿಯುತ್ತದೆ ಗೊತ್ತೇನಪ್ಪಾ?" ಕೊಳವೆಯ ಕೆಳಗೆ ಅಳೆದಾಗ ಒಂಬತ್ತು ಅಡಿಯೂ ಭರ್ತಿಯಾಗಲಿಲ್ಲ. ಯುವಕನು ಲೇಸರ್ ಮೀಟರನ್ನು ಜೇಬಿಗಿಳಿಸಿ, ಎತ್ತರ ಇಲ್ಲದಿದ್ದರೆ ಆಳಕ್ಕೆ ಹೋಗೋಣ ಎಂದನು.

ಆಳಕ್ಕೆ ಹೋಗುವುದೆಂದರೆ ಪಿಟ್ ಮಾದರಿ: ನೆಲವನ್ನು ಅಗೆದು ಒಂದು ಕಾರನ್ನು ಗುಂಡಿಯೊಳಗೆ ಇಳಿಸಿ, ಅದರ ಮೇಲಿನ ತಟ್ಟೆಯಲ್ಲಿ ಇನ್ನೊಂದನ್ನು ನಿಲ್ಲಿಸುವುದು. ಮೇಲಿನ ಕಾರು ಏರಲು ತಲೆಯ ಮೇಲೆ ಎತ್ತರವಿದ್ದರೆ ಇಲ್ಲಿ ಯಾರ ಕಾರನ್ನೂ ತೆಗೆಸದೆ ಯಾರ ಕಾರು ಬೇಕಾದರೂ ಹೊರಬರಬಹುದೆಂಬುದು ನಿಜವಾಗಿಯೂ ದೊಡ್ಡ ಅನುಕೂಲ. ಆದರೆ 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ ದೃಶ್ಯವನ್ನು ಟಿವಿಯಲ್ಲಿ ನೋಡಿದವರ ಮುಂದೆ ಗುಂಡಿಯ ಗುಣಗಾನ ಮಾಡುವುದು ಸುಲಭವಲ್ಲ. ನೀರು ಎತ್ತಲು ಪಂಪ್ ಇರುತ್ತದೆ ಎಂದರೆ ಕರೆಂಟು ಹೋದಾಗ ಪಂಪಿನ ಗತಿಯೇನು ಎಂದು ಕೇಳಿದರು. ಜನರೇಟರಿಗೆ ಜೋಡಿಸಬಹುದು ಎಂದರೆ ಡೀಸೆಲ್ ಖರ್ಚು ಕಾರಿದ್ದವರದೋ ಎಲ್ಲರದೋ ಎಂದು ಕೇಳಿದರು. ಅಲ್ಲಿಗೆ ಆ ಗುಂಡಿಯನ್ನು ಅಗೆಯುವ ಮೊದಲೇ ಮುಚ್ಚಲಾಯಿತು.

ಪಜಲ್ ಪಾರ್ಕಿಂಗ್ ಎಂಬುದರ ಬಗ್ಗೆ ನನಗೆ ವೈಯಕ್ತಿಕವಾಗಿ ಗೌರವವಿದೆ. ಕೆಳಗಿನ ಕಾರುಗಳು ತಟ್ಟೆಸಮೇತ ಪಕ್ಕಕ್ಕೆ ಸರಿದು ಜಾಗ ಬಿಡುತ್ತವೆ, ಮೇಲಿನ ಕಾರು ಆ ಖಾಲಿ ಜಾಗಕ್ಕೆ ತಾನಾಗಿ ಇಳಿಯುತ್ತದೆ. ಹಾಗೆ ಸರಿಯಬೇಕಾದರೆ ಕೆಳಗೆ ಒಂದು ಕಾರಿನ ಜಾಗ ಸದಾ ಖಾಲಿ ಇರಬೇಕು. ಆದ್ದರಿಂದ ಮೂರು ಸಾಲಿನ ಎರಡಂತಸ್ತಿನಲ್ಲಿ ಐದೇ ಕಾರು. ಇದನ್ನು ಕೇಳಿದ ಮೂರನೇ ಮಹಡಿಯ ಯಜಮಾನರು "ಆರರ ಜಾಗಕ್ಕೆ ದುಡ್ಡು ಕೊಟ್ಟು ಐದನ್ನು ನಿಲ್ಲಿಸಬೇಕೇ?" ಎಂದು ಎದ್ದು ನಿಂತವರು, ಖಾಲಿ ಇರುವ ಆರನೆಯದನ್ನು ತಮ್ಮ ಹೆಸರಿಗೆ ಬರೆದುಕೊಟ್ಟರೆ ಒಪ್ಪುವುದಾಗಿ ಹೇಳಿ ಕುಳಿತರು. ಜಾತ್ರೆಯ ತೊಟ್ಟಿಲಿನಂತೆ ಕಾರುಗಳನ್ನು ಸುತ್ತಿಸುವ ರೋಟರಿ ಯಂತ್ರದ ಚಿತ್ರವನ್ನು ಮಕ್ಕಳು ಬಹಳ ಮೆಚ್ಚಿದರು. ದರಪಟ್ಟಿಯನ್ನು ದೊಡ್ಡವರು ಮೆಚ್ಚಲಿಲ್ಲ.

ಕಡೆಗೆ ಉಳಿದದ್ದು ನೆಲದ ಮೇಲೊಂದು, ಅದರ ನೆತ್ತಿಯ ಮೇಲೊಂದು ಕಾರು ನಿಲ್ಲುವ ಎರಡು ಕಂಬದ ಸ್ಟ್ಯಾಕ್ ಪಾರ್ಕಿಂಗ್, ಅದೂ ಗೇಟಿನ ಪಕ್ಕದ ತೆರೆದ ಜಾಗದಲ್ಲಿ. ಅಲ್ಲಿ ತಲೆಯ ಮೇಲೆ ಕೊಳವೆಯಿಲ್ಲ, ಆದರೆ ಕಾಲ ಕೆಳಗೆ ಇಂಟರ್‌ಲಾಕ್ ಕಲ್ಲುಗಳಿವೆ. ಎರಡು ಟನ್ ಎತ್ತುವ ಕಂಬದ ಬೋಲ್ಟುಗಳನ್ನು ಅವುಗಳಿಗೆ ಬಿಗಿಯಲಾಗದು, ಕಲ್ಲು ಕಿತ್ತು ಕಾಂಕ್ರೀಟ್ ಹಾಕಬೇಕು. ತಮ್ಮ ಡೀಸೆಲ್ ಫಾರ್ಚೂನರ್ ಒಂದೇ ಎರಡು ಟನ್ನಿಗೆ ಮೇಲಿದೆಯೆಂದು ತಿಳಿದ ಅಧ್ಯಕ್ಷರು, ಯಂತ್ರದ ಯೋಗ್ಯತೆ ಕಡಿಮೆಯೆಂದು ಬೇಸರಪಟ್ಟುಕೊಂಡರು. ಒಂದನೇ ಮಹಡಿಯ ಅಜ್ಜಿಯ ಆಕ್ಷೇಪ ಬೇರೆಯೇ ಇತ್ತು. "ಮೇಲಿನ ಕಾರಿನ ನೆತ್ತಿ ನಮ್ಮ ಬಾಲ್ಕನಿಯ ಅಂಚಿಗೆ ಬರುತ್ತದಲ್ಲ, ಕಳ್ಳನಿಗೆ ಮೆಟ್ಟಿಲು ಹಾಕಿಕೊಟ್ಟ ಹಾಗಾಗಲಿಲ್ಲವೇ?" ಯುವಕನ ಕೈಪಿಡಿಯಲ್ಲಿ ಕಳ್ಳರ ಬಗ್ಗೆ ಏನೂ ಇರಲಿಲ್ಲ. ಬಾಲ್ಕನಿಗೆ ಸಂಘದ ಖರ್ಚಿನಲ್ಲಿ ಗ್ರಿಲ್ ಹಾಕಿಸುವುದೆಂದು ತೀರ್ಮಾನವಾಯಿತು.

ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ, ಮೇಲೆ ಯಾರು, ಕೆಳಗೆ ಯಾರು ಎಂಬುದು. ಸ್ಟ್ಯಾಕಿನಲ್ಲಿ ಕೆಳಗಿನ ಕಾರು ಹೊರಗೆ ಹೋಗದೆ ಮೇಲಿನದು ಇಳಿಯುವಂತಿಲ್ಲ. ರಾತ್ರಿ ಪಾಳಿಯ ಸಾಫ್ಟ್‌ವೇರ್ ಹುಡುಗನೂ ಒಂಬತ್ತಕ್ಕೆ ಮಲಗುವ ರಾಯರೂ ಒಂದೇ ಯಂತ್ರದ ಪಾಲುದಾರರಾದರೆ ಏನಾಗುತ್ತದೆ ಎಂಬುದಕ್ಕೆ ಹೈಡ್ರಾಲಿಕ್ ವಿಜ್ಞಾನದಲ್ಲಿ ಉತ್ತರವಿಲ್ಲ. ಹೀಗಾಗಿ ಎರಡು ಕಾರುಗಳೂ ಒಂದೇ ಮನೆಗೆ ಸೇರಿದವರಿಗೆ ಮಾತ್ರ ಸ್ಟ್ಯಾಕ್ ಕೊಡುವುದೆಂದು ನಿರ್ಧರಿಸಿದರು. ಸಭೆ ತೆಗೆದುಕೊಂಡ ಒಂದೇ ವಿವೇಕದ ನಿರ್ಧಾರ ಅದು, ಏಕೆಂದರೆ ಜಗಳವು ಸಂಘದ ನಡಾವಳಿ ಪುಸ್ತಕದಿಂದ ಗಂಡಹೆಂಡಿರ ಖಾಸಗಿ ಲೆಕ್ಕಕ್ಕೆ ವರ್ಗವಾಯಿತು.

ಎರಡು ಸ್ಟ್ಯಾಕುಗಳು ಬಂದವು. ಮೂರು ಕಾರುಗಳು ಇಂದಿಗೂ ರಸ್ತೆಯಲ್ಲೇ ಇವೆ. ಎತ್ತಿದ ತಟ್ಟೆಯು ಎಣ್ಣೆಯ ಬಲದಲ್ಲಿ ನಿಲ್ಲದೆ ಉಕ್ಕಿನ ಕೊಕ್ಕೆಗಳ ಮೇಲೆ ಕೂರುವುದು ಕ್ಷೇಮಕ್ಕೆ ಒಳ್ಳೆಯದೇ, ಆದರೆ ಅದನ್ನು ಇಳಿಸಬೇಕಾದರೆ ಕೊಕ್ಕೆ ಬಿಡಿಸುವುದಕ್ಕಾಗಿ ಮೊದಲು ಚೂರು ಮೇಲೆತ್ತಬೇಕು, ಅದಕ್ಕೆ ಕರೆಂಟು ಬೇಕು. ಆದ್ದರಿಂದ ಕರೆಂಟು ಹೋದ ಬೆಳಿಗ್ಗೆ ಗಂಡಂದಿರು ಆಟೋ ಹುಡುಕುತ್ತಾರೆ. ಮೇಲಿನ ಕಾರಿನಿಂದ ತೊಟ್ಟಿಕ್ಕುವ ಎಣ್ಣೆಯನ್ನು ತಡೆಯುವ ತಗಡಿಗೆ ಪ್ರತ್ಯೇಕ ದರವೆಂದು ಕೊಟೇಶನ್ನಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಆ ತಗಡು ಬರುವವರೆಗೆ ಕೆಳಗಿನ ಬಿಳಿ ಕಾರಿಗೆ ಕಳೆದ ಚುನಾವಣೆಯ ಹಳೆಯ ಫ್ಲೆಕ್ಸ್ ಹೊದಿಸಿದ್ದಾರೆ. ಬಾನೆಟ್ಟಿನ ಮೇಲೆ ಅಭ್ಯರ್ಥಿಯೊಬ್ಬರು ಕೈಮುಗಿದು ಮತ ಕೇಳುತ್ತಿದ್ದಾರೆ.