ಡ್ರಮ್ ಇರಲಿ, ಮೊದಲು ಪಟ್ಟಿ ತನ್ನಿ

ಅಮೆರಿಕದ ಲ್ಯಾಬ್‌ಗಳಲ್ಲಿ ಸಣ್ಣ ಸಣ್ಣ ಬಾಟಲಿಗಳ ಅಪಾಯಕಾರಿ ಕಸ ಕಳಿಸಲು ಲ್ಯಾಬ್ ಪ್ಯಾಕ್ ಅನ್ನುವ ಪದ್ಧತಿ ಇದೆ, ಬಾಟಲಿಗಳನ್ನು ಒಂದು ದೊಡ್ಡ ಡ್ರಮ್ಮಿನೊಳಗೆ ಜೋಡಿಸಿ ಕಳಿಸುವುದು. ಇಲ್ಲಿಗೆ ಬಂದ ನಮ್ಮವರು ಅದನ್ನು ನೋಡಿದ ಕೂಡಲೇ ‘ನಮ್ಮಲ್ಲೂ ಹೀಗೇ ಆಗಬೇಕು’ ಅನ್ನುತ್ತಾರೆ. ನನ್ನ ಪ್ರಕಾರ ಅದರಲ್ಲಿ ಅರ್ಧ ಸಾಕು.

ಕೆಲಸ ಹೀಗೆ. ಡ್ರಮ್ಮಿನ ತಳಕ್ಕೆ ವರ್ಮಿಕ್ಯುಲೈಟ್ ಅನ್ನುವ, ದ್ರವ ಹೀರುವ ಹಗುರ ಖನಿಜದ ಪುಡಿ ಸುರಿಯುತ್ತಾರೆ. ಬಾಟಲಿಗಳನ್ನು ಮುಚ್ಚಳ ಬಿಗಿಮಾಡಿ ನೆಟ್ಟಗೆ ನಿಲ್ಲಿಸುತ್ತಾರೆ. ಒಂದಕ್ಕೊಂದು ತಾಗದ ಹಾಗೆ ಸಂದಿಗೆಲ್ಲ ಮತ್ತೆ ಅದನ್ನೇ ತುಂಬುತ್ತಾರೆ. ಒಳಗಿನ ಗಾಜಿನ ಬಾಟಲಿ 4 ಲೀಟರ್ ಮೀರುವ ಹಾಗಿಲ್ಲ, ಪ್ಲಾಸ್ಟಿಕ್ ಅಥವಾ ಲೋಹದ್ದಾದರೆ 20 ಲೀಟರ್. ಒಟ್ಟು ತೂಕ 205 ಕೆಜಿ ಒಳಗಿರಬೇಕು. ಒಳಗಿನದೆಲ್ಲ ಒಡೆದರೂ ಅಷ್ಟೂ ದ್ರವ ಹೀರುವಷ್ಟು ಪುಡಿ ಇರಬೇಕು. ಒಂದರ ಜೊತೆ ಇನ್ನೊಂದು ಸೇರಿದರೆ ಕೆರಳುವಂಥವು ಒಂದೇ ಡ್ರಮ್ಮಿಗೆ ಹೋಗಲ್ಲ.

ಹೀರುವ ಪುಡಿ ಅಂತ ಏನೋ ಒಂದು ಹಾಕಿದರೂ ನಡೆಯಲ್ಲ. ಹೈಡ್ರೋಫ್ಲೋರಿಕ್ ಆಮ್ಲ ವರ್ಮಿಕ್ಯುಲೈಟನ್ನೇ ತಿನ್ನುತ್ತದೆ. ನೈಟ್ರಿಕ್ ಆಮ್ಲದ ಹತ್ತಿರ ಮರದ ಹೊಟ್ಟು ಇಟ್ಟರೆ ಬೆಂಕಿಯನ್ನೇ ಕರೆದಂತೆ. 2014ರ ಫೆಬ್ರವರಿಯಲ್ಲಿ ನ್ಯೂ ಮೆಕ್ಸಿಕೋದ ನೆಲದಡಿಯ ವಿಕಿರಣ ಕಸದ ಉಗ್ರಾಣದಲ್ಲಿ ಒಂದು ಡ್ರಮ್ ಬಿಸಿಯಾಗಿ ಬಾಯಿಬಿಟ್ಟಿತು. ಅದರಲ್ಲಿ ನೈಟ್ರೇಟ್ ಉಪ್ಪಿನ ಜೊತೆ ಬೆರೆಸಿದ್ದು ಗೋಧಿಯಿಂದ ಮಾಡಿದ ಕ್ಯಾಟ್ ಲಿಟರ್, ಅಂದರೆ ಸಾಕುಬೆಕ್ಕಿನ ಮಲಮೂತ್ರ ಹೀರಲು ಹಾಕುವ ಪುಡಿ! ಜೇಡಿಮಣ್ಣಿನದ್ದು ಹಾಕಬೇಕಿತ್ತು. ಉಗ್ರಾಣ ಹೆಚ್ಚುಕಡಿಮೆ ಮೂರು ವರ್ಷ ಕಸ ತೆಗೆದುಕೊಳ್ಳಲಿಲ್ಲ. ಅಚ್ಚುಕಟ್ಟಿನ ದೇಶ ಅಂತ ಕಣ್ಣುಮುಚ್ಚಿ ನಂಬುವವರು ಇದನ್ನೂ ನೆನಪಿಟ್ಟುಕೊಳ್ಳಲಿ.

ನಮ್ಮಲ್ಲಿ ನಿಯಮ ಇಲ್ಲ ಅನ್ನೋದೂ ಸುಳ್ಳು. 2016ರ ಭಾರತದ ಅಪಾಯಕಾರಿ ಕಸದ ನಿಯಮದಲ್ಲಿ ಹಳದಿ ಲೇಬಲ್ ಇದೆ, ನೀರಿಗೆ ಅಳಿಸಬಾರದು ಅಂತ ಇದೆ. ಎಚ್ಚರಿಕೆಯ ಮಾತು ಹಿಂದಿ, ಇಂಗ್ಲಿಷ್ ಅಲ್ಲದೆ ಸ್ಥಳೀಯ ಭಾಷೆಯಲ್ಲೂ ಇರಬೇಕು. ಡ್ರಮ್ ಎತ್ತುವವರಿಗೆ ಓದಲು ಬರುವ ಭಾಷೆ, ಇದು ನನಗೆ ತುಂಬಾ ಇಷ್ಟ. ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಕಸದ ಜೊತೆ ಬಣ್ಣ ಬಣ್ಣದ ಏಳು ಪ್ರತಿಗಳ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಚೀಟಿ. ಆದರೆ ಈ ನಿಯಮ ಬರೆದವರ ಕಣ್ಣೆದುರು ಇದ್ದದ್ದು ಕಾರ್ಖಾನೆ ಅನಿಸುತ್ತದೆ. ನೂರು ಬಗೆಯ ಐವತ್ತು ಎಂಎಲ್ ಬಾಟಲಿಗಳ ಲ್ಯಾಬ್ ಅಲ್ಲ.

ಹಾಗಂತ ಡ್ರಮ್ ಪದ್ಧತಿಯನ್ನು ಇಡಿಯಾಗಿ ತರುವುದು ದುಬಾರಿ. ಡ್ರಮ್ಮಿನಲ್ಲಿ ಜಾಗ ಹಿಡಿಯುವುದು ಪುಡಿಯೇ. ಅದನ್ನೂ ಸಾಗಿಸಬೇಕು, ಅದಕ್ಕೂ ದುಡ್ಡು ಕೊಡಬೇಕು. ಅಸಿಟೋನ್, ಮೆಥನಾಲ್ ಥರದ, ಬೇರೆ ವಸ್ತುಗಳನ್ನು ಕರಗಿಸುವ ದಿನಬಳಕೆಯ ಸಾಲ್ವೆಂಟ್‌ಗಳನ್ನು ಒಂದೇ ಕ್ಯಾನಿನಲ್ಲಿ ಕೂಡಿಸಿ ಕಳಿಸಬಹುದು. ಕೂಡಿಸಲಾಗದ ಚಿಲ್ಲರೆ ಬಾಟಲಿಗಳಿಗಷ್ಟೇ ಡ್ರಮ್ ಸಾಕು, ಅಲ್ವಾ?

ನಿಜವಾಗಿ ತರಬೇಕಾದದ್ದು ಪಟ್ಟಿ. ಇಲ್ಲಿ ಪ್ರತಿ ಡ್ರಮ್ಮಿಗೂ ಒಂದು ಪಟ್ಟಿ ಇರುತ್ತದೆ. ಯಾವ ರಾಸಾಯನಿಕ, ಎಷ್ಟು ದೊಡ್ಡ ಬಾಟಲಿ, ಎಷ್ಟು ಬಾಟಲಿ, ಎಲ್ಲ ಅದರಲ್ಲಿ. ಹೆಸರಿಲ್ಲದ ಬಾಟಲಿ ಪರೀಕ್ಷೆ ಆಗುವವರೆಗೂ ಒಳಗೆ ಹೋಗಲ್ಲ. ಆ ಪರೀಕ್ಷೆಯ ಖರ್ಚು ಹಲವು ಕಡೆ ಬಾಟಲಿ ಬಿಟ್ಟುಹೋದವರ ಲ್ಯಾಬಿನ ಮೇಲೇ ಬೀಳುತ್ತದೆ. ಒಂದು ಸಲ ಆ ಬಿಲ್ ಬಂದರೆ ಸಾಕು, ಮರುದಿನದಿಂದ ಎಲ್ಲರ ಕೈಯಲ್ಲೂ ಮಾರ್ಕರ್!

ನಮ್ಮ ಕಾಲೇಜುಗಳಿಗೆ ಇದಕ್ಕೆ ಹೊಸ ಕಾಯಿದೆಯೇನೂ ಬೇಡ. ಲೈಬ್ರರಿ ಪುಸ್ತಕಕ್ಕೆ ನೋ ಡ್ಯೂಸ್ ಕೇಳುವ ಹಾಗೆ, ಪಿಎಚ್‌ಡಿ ಮುಗಿಸಿ ಹೊರಡುವವರನ್ನು ಫ್ರಿಜ್ಜಿನಲ್ಲಿರುವ ಬಾಟಲಿಗಳ ಪಟ್ಟಿಯನ್ನೂ ಕೇಳಲಿ. ಗೈಡ್ ಸಹಿಯೂ ಅದರ ಮೇಲೆ ಇರಲಿ.